ಗರಿ ಇಡಲು ರಬ್ಬರ್ ಅಂಚಿನ ಡಬ್ಬಿ: ಒಳ್ಳೆಯದೇ, ಆದರೆ ತೊಳೆಯದೆ ತುಂಬಬೇಡಿ

ಮುಚ್ಚಳಕ್ಕೆ ನಾಲ್ಕು ಕಡೆ ಕ್ಲಿಪ್, ಸುತ್ತ ರಬ್ಬರ್ ಅಂಚು. ಹಿಟ್ಟು, ಬೇಳೆ ಇಡಲು ಮಾರುತ್ತಾರಲ್ಲ, ಅದೇ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ನಾನು ಮೂರು ತೆಗೆದುಕೊಂಡಿದ್ದು ಮಾತ್ರ ಫ್ಲೈ (ಮೀನು ಹಿಡಿಯಲು ಗಾಳಕ್ಕೆ ಗರಿ ಸುತ್ತಿ ಮಾಡುವ ನಕಲಿ ಹುಳ) ಕಟ್ಟುವ ಸಾಮಾನಿಗೆ, ಅಂದರೆ ಹುಂಜದ ಕತ್ತಿನ ಕೇಪ್, ಬೆನ್ನಿನ ಸ್ಯಾಡಲ್ (ಎರಡೂ ಗರಿ ಸಮೇತ ಒಣಗಿಸಿದ ಚರ್ಮ), ಒಂದೆರಡು ಫೆಸೆಂಟ್ (ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ) ಚರ್ಮ. ಎರಡು ವರ್ಷ ಆಯಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮೊದಲು ನಾನು ಮಾಡಿದ ಎಡವಟ್ಟು ಕೇಳಿ. ಒಂದು ಹಳೆಯ ಕೇಪ್ ಸೆಕೆಂಡ್ ಹ್ಯಾಂಡ್ ಆಗಿ ಸಿಕ್ಕಿತು. ಕೊಟ್ಟವರು "ಕ್ಯೂರ್ ಮಾಡಿದ್ದು (ಕೆಡದಂತೆ ಹದ ಮಾಡಿದ್ದು), ಹಾಗೇ ಇಡಬಹುದು" ಅಂದರು, ನಾನೂ ಹಾಗೇ ಡಬ್ಬಿಗೆ ಹಾಕಿ ಕ್ಲಿಪ್ ಒತ್ತಿ ಮರೆತೆ. ಎರಡು ತಿಂಗಳು ಬಿಟ್ಟು ತೆಗೆದರೆ ತಳದಲ್ಲಿ ಮರಳಿನಂಥ ಪುಡಿ, ನಡುವೆ ಕಂದು ಬಣ್ಣದ, ಕೂದಲು ಕೂದಲಾದ ಪುಟ್ಟ ಪೊರೆಗಳು. ಒಂದು ಗರಿ ಹಿಡಿದೆ, ಎಳೆಯುವ ಮೊದಲೇ ಕೈಗೆ ಬಂತು. ಬುಡ ಕಡಿದಿತ್ತು. ಬೆಳಕಿಗೆ ಹಿಡಿದು ನೋಡಿದರೆ ಒಂದು ಬದಿಯ ಎಳೆಗಳು ಹಲ್ಲುದುರಿದ ಬಾಚಣಿಗೆ ಥರ. ಕಾರ್ಪೆಟ್ ಬೀಟಲ್ ಎಂಬ ಪುಟ್ಟ ಜೀರುಂಡೆಯ ಮರಿಗಳ ಕೆಲಸ. ಗರಿಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಅವಕ್ಕೆ ಊಟ. ಡಬ್ಬಿ ಹೊರಗಿನ ಹುಳ ಒಳಗೆ ಬರದ ಹಾಗೆ ಚೆನ್ನಾಗಿಯೇ ತಡೆದಿತ್ತು, ಆದರೆ ಮೊದಲೇ ಒಳಗಿದ್ದ ಮೊಟ್ಟೆಗಳಿಗೆ ಅದೇ ಬೆಚ್ಚನೆಯ ಮನೆ ಆಯಿತು ಅಲ್ವಾ!

ಈಗ ಯಾರು ಏನೇ ಹೇಳಲಿ, ಹೊಸ ಚರ್ಮ ಬಂದರೆ ಮೊದಲು ಜಿಪ್ ಕವರ್‌ನಲ್ಲಿ ಗಾಳಿ ಒತ್ತಿ ತೆಗೆದು ಫ್ರೀಜರ್‌ಗೆ. ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ, ತಣ್ಣಗಿರುವ ಗರಿಯ ಮೇಲೆ ನೀರು ಕೂರುತ್ತದೆ. ಒಂದು ದಿನ ಹಾಗೇ ಬಿಡಿ.

ಆಮೇಲೆ ತೊಳೆಯುವುದು. ಇದಕ್ಕೆ ಜನ ಸುಮ್ನೆ ಹೆದರುತ್ತಾರೆ. ಕೋಳಿ ಮಳೆಯಲ್ಲಿ ನೆನೆಯುವುದಿಲ್ಲವೇ? ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಗರಿ ಇರುವ ದಿಕ್ಕಿನಲ್ಲೇ ಬೆರಳಾಡಿಸಿ. ಉಜ್ಜಬೇಡಿ, ಹಿಂಡಬೇಡಿ. ನನ್ನ ಎರಡನೇ ಕೇಪ್‌ನಲ್ಲಿ ನೀರು ಚಹಾ ಬಣ್ಣಕ್ಕೆ ತಿರುಗಿತು, ಮೇಲೆ ಹಳದಿ ಜಿಡ್ಡು ತೇಲಿತು. ಕಮಟು ವಾಸನೆ ಬರುತ್ತಿದ್ದದ್ದು ಆ ಜಿಡ್ಡಿನಿಂದಲೇ, ಅದು ಚರ್ಮದಲ್ಲಿ ಉಳಿದರೆ ವರ್ಷ ಕಳೆದಂತೆ ಚರ್ಮ ಸುಟ್ಟ ಹಾಗೆ ಪುಡಿಪುಡಿಯಾಗುತ್ತದೆ. ಸೋಪು ಪೂರ್ತಿ ಹೋಗುವವರೆಗೆ ತೊಳೆದು, ಟವೆಲ್‌ನಲ್ಲಿ ಒತ್ತಿ, ಹೇರ್ ಡ್ರೈಯರ್ ತಣ್ಣನೆ ಗಾಳಿಗೆ ಇಟ್ಟು ಒಣಗಿಸಿ. ಬಿಸಿ ಗಾಳಿಗೆ ಚರ್ಮ ಮುದುಡುತ್ತದೆ. ಒದ್ದೆ ಗರಿ ನೋಡಿ "ಹಾಳಾಯ್ತು" ಅನ್ನಿಸುತ್ತದೆ, ಗಾಬರಿ ಬೇಡ, ಒಣಗುತ್ತಾ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಚರ್ಮದ ಬದಿ ಮೇಲೆ ಮಾಡಿ ರಟ್ಟಿಗೆ ಪಿನ್ ಹೊಡೆದು, ಬಿಳಿಗಾರದ (ಬೋರಾಕ್ಸ್) ಪುಡಿ ತೆಳ್ಳಗೆ ಉಜ್ಜಿ ಎರಡು ಮೂರು ದಿನ ಬಿಡಿ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಇರಲಿ. ಅಂದ ಹಾಗೆ, ಅಜ್ಜನ ಕಾಲದ ಸ್ಟಫ್ ಮಾಡಿದ ಹಕ್ಕಿಯ ಚರ್ಮ ಸಿಕ್ಕಿದರೆ ತೊಳೆಯಲು ಹೋಗಲೇಬೇಡಿ, ಆಗೆಲ್ಲ ಹುಳ ಬಾರದಿರಲಿ ಎಂದು ಆರ್ಸೆನಿಕ್ ಸವರುತ್ತಿದ್ದರು.

ಇನ್ನು ಡಬ್ಬಿಯ ವಿಷಯ. ರಬ್ಬರ್ ಅಂಚು ಇನ್ನೂ ಗಟ್ಟಿಯಾಗಿದೆ, ಅದನ್ನು ಬಿಚ್ಚಿ ತೊಳೆಯಬಹುದು. ಕೇಪ್ ಒಂದೊಂದನ್ನೂ ರಟ್ಟಿನ ಜೊತೆ ಬೇರೆ ಬೇರೆ ಜಿಪ್ ಕವರ್‌ನಲ್ಲಿ ಹಾಕಿ ನಿಲ್ಲಿಸಿದರೆ, ಒಂದಕ್ಕೆ ಹುಳ ಬಿದ್ದರೂ ಪಕ್ಕದ್ದು ಉಳಿಯುತ್ತದೆ. ಮೂಲೆಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ನುಸಿಗುಳಿಗೆ ನಾನು ಹಾಕುವುದಿಲ್ಲ. ಗರಿಗೆ ಹತ್ತಿದ ಆ ವಾಸನೆಯನ್ನು ಕಟ್ಟುವಾಗ ನಾವೇ ಮೂಸಬೇಕು, ಅದು ದೇಹಕ್ಕೆ ಒಳ್ಳೆಯದೂ ಅಲ್ಲ. ಅದರಲ್ಲೂ ಪ್ಯಾರಾಡೈಕ್ಲೋರೋಬೆಂಜೀನ್ ಗುಳಿಗೆ ಪಾಲಿಸ್ಟೈರೀನ್ ಪ್ಲಾಸ್ಟಿಕ್‌ನ ಡಬ್ಬಿಯನ್ನೇ ಮೆತ್ತಗೆ ಮಾಡಿಬಿಡುತ್ತದೆ. ಪಾರದರ್ಶಕ ಆಗಿರುವುದರಿಂದ ಒಂದು ತೊಂದರೆ: ಬಿಸಿಲಿಗೆ ಬಣ್ಣ ಮಾಸುತ್ತದೆ, ಬೀರುವಿನ ಒಳಗೇ ಇಡಬೇಕು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಉದ್ದಕ್ಕೆ. ಕೇಪ್‌ಗೆ ಸರಿಹೋಗುತ್ತದೆ, ಬಾಲದ ಸಮೇತ ಫೆಸೆಂಟ್ ಚರ್ಮ ಹಿಡಿಸುವುದಿಲ್ಲ. ನಾನು ಹೇಗೋ ಬಗ್ಗಿಸಿ ತುರುಕಿದೆ, ಬಾಲದ ಗರಿ ಬಿಲ್ಲಿನ ಹಾಗೆ ಬಾಗಿತು. ಕುದಿಯುವ ನೀರಿನ ಆವಿಗೆ ಹಿಡಿದಾಗ ನೆಟ್ಟಗಾಯಿತು, ಮೂರು ಗರಿ ಬಿಟ್ಟು. ಅವು ಮುರಿದೇ ಹೋಗಿದ್ದವು.