‘ನಮ್ಮವರಿಗೇ ಸ್ಪೆಷಲ್’ ಅಂತ ಮಾರುವ ಸ್ವಿಮ್‌ಸೂಟ್ ಕೊಳ್ಳೋ ಮುಂಚೆ ಇದನ್ನು ಓದಿ

ಫೋನಿನಲ್ಲಿ ‘ಟ್ರಾನ್ಸ್ ಮಹಿಳೆಯರಿಗೆಂದೇ ಹೊಲಿದ ಸ್ವಿಮ್‌ಸೂಟ್, ನಿಮ್ಮ ಅಳತೆಗೆ, ಯಾರಿಗೂ ಗೊತ್ತಾಗದ ಹಾಗೆ ಮನೆಗೆ ಬರುತ್ತೆ’ ಅಂತ ಜಾಹೀರಾತು ಕಂಡರೆ ದುಡ್ಡು ಕಳಿಸೋ ಮುಂಚೆ ಸ್ವಲ್ಪ ನಿಲ್ಲಿ. ನನ್ನ 2,400 ರೂಪಾಯಿ ಹೋಯಿತು. ಅದು ಹಾಳಾಗಿ ಹೋಗಲಿ, ಬೆಳಗ್ಗೆ ಬೆಳಗ್ಗೆ ಜನ ತುಂಬಿದ ಈಜುಕೊಳದಲ್ಲಿ ನನಗೆ ಆದದ್ದು ನಿಮ್ಮಲ್ಲಿ ಯಾರಿಗೂ ಆಗಬಾರದು. ಮಾರಿದವರ ಹೆಸರು ಇಲ್ಲಿ ಹಾಕಿಲ್ಲ. ಹಾಕಿದರೂ ಪ್ರಯೋಜನವಿಲ್ಲ, ಆ ಪುಟ ಹೆಸರು ಬದಲಿಸುತ್ತಲೇ ಇರುತ್ತೆ.

ನಾನು ತುಮಕೂರಿನವಳು, ಬಟವಾಡಿ ಕಡೆ ಮನೆ. ಮಂಡಿ ನೋವಿಗೆ ಡಾಕ್ಟರು ಈಜೋಕೆ ಹೇಳಿದರು. ನೀರಿನಲ್ಲಿ ಮೈಭಾರ ಮಂಡಿಯ ಮೇಲೆ ಬೀಳಲ್ಲ, ಆದರೆ ಕಾಲಿಗೆ ಕೆಲಸ ಸಿಗುತ್ತೆ ಅಂತ. ವಿಚಾರಿಸಿದ ಈಜುಕೊಳದಲ್ಲಿ ಬೆಳಗ್ಗೆ ಹೆಂಗಸರ ಬ್ಯಾಚ್ ಇತ್ತು, ಹೇಳಿಕೊಡೋಕೆ ಒಬ್ಬರು ಮೇಡಂ ಇದ್ದರು, ಸೇರಿಸಿಕೊಂಡರು. ಒಂದೇ ಷರತ್ತು: ಚೂಡಿದಾರ್, ಟೀ ಶರ್ಟ್, ಲೆಗ್ಗಿನ್ಸ್ ಯಾವುದೂ ನಡೆಯಲ್ಲ, ಸ್ವಿಮ್ಮಿಂಗ್ ಬಟ್ಟೆಯೇ ಬೇಕು. ಇದು ಬರೀ ಶೋಕಿಯ ನಿಯಮ ಅಲ್ಲ. ಹತ್ತಿ ಬಟ್ಟೆ ನೀರು ಕುಡಿದು ಭಾರ ಆಗುತ್ತೆ, ಅದರ ಎಳೆಗಳು ಬಿಟ್ಟು ಫಿಲ್ಟರ್‌ಗೆ ಹೋಗಿ ಸೇರಿಕೊಳ್ಳುತ್ತವೆ.

ಎಂ.ಜಿ. ರಸ್ತೆ, ಅಶೋಕ ರಸ್ತೆ ಎಲ್ಲ ಸುತ್ತಿದೆ. ಗಂಡಸರ ಚಡ್ಡಿ ಬೇಕಾದಷ್ಟು ನೇತಾಡ್ತಾ ಇರ್ತವೆ. ಹೆಂಗಸರದ್ದು ಕೇಳಿದರೆ ಫ್ರಾಕ್ ಥರದ್ದು ಒಂದೋ ಎರಡೋ ತೆಗೆದು ಕೌಂಟರ್ ಮೇಲೆ ಎಸೀತಾರೆ. ‘ಹಾಕಿ ನೋಡೋ ಹಾಗಿಲ್ಲ, ವಾಪಸ್ ತಗೊಳಲ್ಲ.’ ಆಮೇಲೆ ನನ್ನ ದನಿ ಕೇಳಿ ಆ ಹುಡುಗ ಪಕ್ಕದವನ ಮುಖ ನೋಡ್ತಾನೆ. ಈ ಭಾಗ ನಿಮಗೆಲ್ಲ ಗೊತ್ತಿರೋದೇ, ಬೆಳೆಸಲ್ಲ. ಇಂಥ ಹೊತ್ತಲ್ಲಿ ‘ಅಕ್ಕಾ, ನಾವೂ ನಿಮ್ಮವರೇ, ನಿಮ್ಮ ಕಷ್ಟ ನಮಗೆ ಗೊತ್ತು’ ಅಂತ ಮೆಸೇಜ್ ಬಂದರೆ ಯಾರಿಗಾದರೂ ಹಾಯೆನಿಸುತ್ತೆ. ಅವರ ವ್ಯಾಪಾರ ನಡೆಯೋದೇ ಆ ಹಾಯೆನಿಸುವ ಗಳಿಗೆಯಲ್ಲಿ.

ಮೊದಲ ದಿನವೇ ಫೋಟೋ ಕೇಳಿದರು. ಒಳ ಉಡುಪಿನಲ್ಲಿ ಮುಂದಿನಿಂದ ಒಂದು, ಪಕ್ಕದಿಂದ ಒಂದು. ‘ನಮ್ಮ ಮಾಸ್ಟರ್ ಫೋಟೋ ನೋಡಿದರೆ ಸಾಕು, ಕರೆಕ್ಟಾಗಿ ಕಟ್ ಮಾಡ್ತಾರೆ’ ಅಂದರು. ನಾನು ಕೊಡಲಿಲ್ಲ, ಇಂಚಿನಲ್ಲಿ ಅಳತೆ ಬರೆದು ಕಳಿಸಿದೆ. ಎದೆ, ಸೊಂಟ, ಹಿಂಭಾಗ ಇಷ್ಟನ್ನೇ ಕೇಳಿದರು. ಮೇಲಿಂದ ಕೆಳಗಿನ ತನಕ ಒಂದೇ ತುಂಡಿನ ಈಜುಡುಗೆಗೆ ಇವಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿದೆ. ಟೇಪನ್ನು ಭುಜದ ಮೇಲಿಟ್ಟು, ಎದೆ ಮೇಲಿಂದ ಇಳಿಸಿ, ತೊಡೆಸಂದಿಯಲ್ಲಿ ಹಾಯಿಸಿ, ಬೆನ್ನ ಮೇಲೆ ಹತ್ತಿಸಿ ಅದೇ ಭುಜಕ್ಕೆ ತರಬೇಕು. ನಮ್ಮಲ್ಲಿ ತುಂಬಾ ಜನಕ್ಕೆ ಮುಂಡದ ಉದ್ದ ಜಾಸ್ತಿ, ಭುಜ ಅಗಲ. ಎದೆ ಸುತ್ತಳತೆ ಸರಿಹೋದರೂ ಈ ಉದ್ದ ಸಾಲದಿದ್ದರೆ ಪಟ್ಟಿ ಭುಜ ಕೊಯ್ಯುತ್ತೆ, ಕೆಳಗೆ ಬಟ್ಟೆ ಕಚ್ಚುತ್ತೆ. ಈ ಅಳತೆ ಕೇಳದೆ ಬರೀ ಫೋಟೋ ಕೇಳಿದವರು ಹೊಲಿಯೋರೇ ಅಲ್ಲ. ಅವರಿಗೆ ಬೇಕಿರೋದು ಫೋಟೋ.

ದುಡ್ಡೆಲ್ಲ ಮುಂಗಡ, ಯುಪಿಐನಲ್ಲಿ, ಯಾವುದೋ ವ್ಯಕ್ತಿಯ ಹೆಸರಿನ ಖಾತೆಗೆ. ಬಿಲ್ ಇಲ್ಲ, ವಿಳಾಸ ಇಲ್ಲ. ಪಾರ್ಸಲ್ ಏನೋ ಬಂತು. ತಿಳಿ ಗುಲಾಬಿ ಬಣ್ಣ, ಸೊಂಟದ ಸುತ್ತ ಪುಟ್ಟ ನೆರಿಗೆ, ಎದೆಗೆ ಸ್ಪಂಜಿನ ಕಪ್. ಕನ್ನಡಿ ಮುಂದೆ ನಿಂತರೆ ಚೆನ್ನಾಗೇ ಕಾಣ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಣಗಿದ್ದಾಗ ಚೆನ್ನಾಗಿ ಕಾಣೋಕೆಂದೇ ಹೊಲಿದಿದ್ದರು.

ನೀರಿಗೆ ಇಳಿದು ಕಂಬಿ ಹಿಡಿದು ಕಾಲು ಬಡಿಯೋಕೆ ಶುರು ಮಾಡಿದೆ. ಮೊದಲು ಆ ಸ್ಪಂಜಿನ ಕಪ್‌ಗಳು ನೀರು ಕುಡಿದು ಭಾರ ಆದವು. ಒಳಗೆ ಅವಕ್ಕೆ ಜೇಬು ಇರಲಿಲ್ಲ, ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ ಅಷ್ಟೇ. ಒಂದು ಕಿತ್ತುಕೊಂಡು ಹೊಟ್ಟೆ ಹತ್ತಿರ ಬಂತು. ಅದನ್ನು ಸರಿಮಾಡೋಕೆ ಬಗ್ಗಿದಾಗ ಕೆಳಗಿನ ಹೊಲಿಗೆ ಪಟ್ ಅಂತು. ಮೇಲೆ ಬರೋಣ ಅಂತ ಏಣಿ ಹತ್ತಿದರೆ ಬಟ್ಟೆಯೆಲ್ಲ ಜೋತುಬಿದ್ದು, ತಿಳಿ ಗುಲಾಬಿ ಅನ್ನೋದು ಪೂರಾ ಪಾರದರ್ಶಕ ಆಗಿಬಿಟ್ಟಿದೆ. ಮುಂದೆ ಒಳಪದರ ಅನ್ನೋದೇ ಇಲ್ಲ. ಏನೇನು ಕಂಡಿರಬೇಕು ನೀವೇ ಊಹಿಸಿ. ಇಬ್ಬರು ಕಿಸಕ್ ಅಂದರು. ಒಬ್ಬಾಕೆ ಮಗಳನ್ನು ಪಕ್ಕಕ್ಕೆ ಎಳೆದುಕೊಂಡರು. ವಯಸ್ಸಾದ ಒಬ್ಬರು ಅಮ್ಮ ಮಾತ್ರ ತಮ್ಮ ಟವೆಲ್ ತಂದು ಹೆಗಲಿಗೆ ಹಾಕಿ, ‘ಸುತ್ಕೊಳಮ್ಮ, ಮೊದ್ಲು ಒಳಗೋಗು’ ಅಂದರು. ಆ ಟವೆಲ್ ಒಗೆದು ವಾಪಸ್ ಕೊಡೋಕೆ ಹೋದಾಗ ಮ್ಯಾನೇಜರ್ ಅನ್ನಿಸಿಕೊಂಡವರು ‘ಇನ್ಮೇಲೆ ಹೆಂಗಸರ ಬ್ಯಾಚ್ ಬೇಡ, ಖಾಲಿ ಇರೋ ಟೈಮ್ ನೋಡಿ ಫೋನ್ ಮಾಡ್ತೀವಿ’ ಅಂದರು. ಆ ಫೋನ್ ಇವತ್ತಿಗೂ ಬಂದಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಸಾರ್ವಜನಿಕರಿಗೆ ಇರುವ ಸೇವೆ, ಸೌಲಭ್ಯಗಳಲ್ಲಿ ನಮಗೆ ಭೇದ ಮಾಡುವ ಹಾಗಿಲ್ಲ. ಇದನ್ನು ಬರೆದು ಅವರಿಗೆ ಕೊಟ್ಟಿದ್ದೀನಿ. ಆ ಜಗಳ ಬೇರೆ, ಇನ್ನೂ ಮುಗಿದಿಲ್ಲ.

ಬಟ್ಟೆಯ ವಿಷಯಕ್ಕೆ ಬರ್ತೀನಿ. ಗುಬ್ಬಿ ಗೇಟ್ ಹತ್ತಿರ ನನಗೆ ಬ್ಲೌಸ್ ಹೊಲಿಯೋ ಅಕ್ಕ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. ಒಳಮಗ್ಗುಲು ತಿರುಗಿಸಿ ನೋಡಿ, ‘ಅಯ್ಯೋ, ಇದು ಲೆಗ್ಗಿನ್ಸ್ ಬಟ್ಟೆ ಕಣೇ’ ಅಂದರು. ‘ಇಂಪೋರ್ಟೆಡ್ ಸ್ವಿಮ್ ಬಟ್ಟೆ’ ಅಂತ ಹೇಳಿದ್ದರಲ್ಲ ಅಂದೆ. ಅಕ್ಕ ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರಿ ಹಿಡಿದರು. ಕಾಗದ ಸುಟ್ಟ ವಾಸನೆ ಬಂತು, ಬೂದಿ ಉದುರಿತು. ನೈಲಾನ್, ಪಾಲಿಯೆಸ್ಟರ್ ಆಗಿದ್ದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತೆ, ಬೂದಿ ಆಗಲ್ಲ. ಬೆಂಕಿಯ ಗೋಜು ಬೇಡ ಅನ್ನೋರು ಬಟ್ಟೆ ಮೇಲೆ ಒಂದು ತೊಟ್ಟು ನೀರು ಬಿಟ್ಟು ನೋಡಿ. ಹತ್ತಿ ಬೆರೆತಿದ್ದರೆ ಸಾಮಾನ್ಯವಾಗಿ ಬೇಗ ಹೀರಿಕೊಳ್ಳುತ್ತೆ.

ಹೊಲಿಗೆ ಕಿತ್ತಿದ್ದಕ್ಕೂ ಅಕ್ಕನೇ ಕಾರಣ ಹೇಳಿದರು. ಜಗ್ಗುವ ಬಟ್ಟೆಗೆ ಮಾಮೂಲಿ ನೇರ ಹೊಲಿಗೆ ಹಾಕಿದರೆ ಬಟ್ಟೆ ಜಗ್ಗುತ್ತೆ, ದಾರ ಜಗ್ಗಲ್ಲ, ತುಂಡಾಗುತ್ತೆ. ಜಿಗ್‌ಜಾಗ್ ಅಥವಾ ಓವರ್‌ಲಾಕ್ ಆಗಬೇಕು, ಪಾಲಿಯೆಸ್ಟರ್ ದಾರ ಬೇಕು, ತುದಿ ದುಂಡಗಿರೋ ಸೂಜಿ ಬೇಕು. ಇಲ್ಲದಿದ್ದರೆ ಸೂಜಿಯೇ ಎಳೆ ಕತ್ತರಿಸಿ ತೂತು ಬೀಳುತ್ತೆ. ನನ್ನದರಲ್ಲಿ ಇದ್ದದ್ದು ಹತ್ತಿ ದಾರದ ಒಂಟಿ ನೇರ ಹೊಲಿಗೆ, ಅದೂ ಅತಿ ಹೆಚ್ಚು ಜಗ್ಗುವ ಜಾಗದಲ್ಲಿ. ‘ನನಗಾದರೂ ಕೊಟ್ಟಿದ್ರೆ ಇದಕ್ಕಿಂತ ನೆಟ್ಟಗೆ ಹೊಲೀತಿದ್ದೆ’ ಅಂತ ಬೈದರು. ಬೈದದ್ದು ನನಗಲ್ಲ, ಆ ‘ಮಾಸ್ಟರ್’ಗೆ.

ದುಡ್ಡು ವಾಪಸ್ ಕೇಳಿದೆ. ಮೊದಲು ‘ನೀವೇ ಹರಿದಿದ್ದೀರಿ’ ಅಂದರು. ಆಮೇಲೆ ‘ಅಕ್ಕಾ’ ಅನ್ನೋದು ಹೋಗಿ ಏಕವಚನ ಬಂತು: ‘ನಿನ್ನ ಅಡ್ರೆಸ್ ನಮ್ಮ ಹತ್ರ ಇದೆ, ನೀನು ಯಾರು ಅಂತ ನಿಮ್ಮ ಬೀದಿಯವರಿಗೆ ಹೇಳಲಾ?’ ನಮ್ಮ ಬೀದಿಗೆ ನಾನು ಯಾರು ಅಂತ ಚೆನ್ನಾಗಿ ಗೊತ್ತು, ಹಬ್ಬಕ್ಕೆ ಒಬ್ಬಟ್ಟು ಕಳಿಸೋ ಮನೆಗಳಿವೆ. ನನ್ನ ಹತ್ತಿರ ಈ ಬೆದರಿಕೆ ನಡೀಲಿಲ್ಲ. ಆದರೆ ತಾನು ಟ್ರಾನ್ಸ್ ಅಂತ ಮನೆಯಲ್ಲಿ ಇನ್ನೂ ಬಾಯಿಬಿಡದ ಒಬ್ಬ ಹುಡುಗಿ ಇದೇ ಪುಟಕ್ಕೆ ಫೋಟೋ ಕಳಿಸಿದ್ದಳು. ಅವಳಿಂದ ಮತ್ತೆ ಮತ್ತೆ ದುಡ್ಡು ಕಿತ್ತರು. ಈ ಬರಹ ಬರೆದಿರೋದೇ ಅದಕ್ಕೆ.

ಹೀಗಾಗಿದ್ದರೆ ಹೆದರಿ ಇನ್ನಷ್ಟು ದುಡ್ಡು ಹಾಕಬೇಡಿ. ಮಾತುಕತೆ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸೈಬರ್ ಅಪರಾಧದ ಸಹಾಯವಾಣಿ 1930. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಕಳಪೆ ಮಾಲಿಗೆ ಗ್ರಾಹಕ ಸಹಾಯವಾಣಿ 1915. ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಬೋರ್ಡ್ ಹಾಕಿಕೊಂಡರೂ ದೋಷ ಇರುವ ಮಾಲನ್ನು ವಾಪಸ್ ತಗೊಳಲ್ಲ ಅನ್ನೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನ. ದೋಷ ಇಲ್ಲದೆ ಬರೀ ಸೈಜ್ ಆಗಲಿಲ್ಲ ಅಂದರೆ ಇದು ಅನ್ವಯಿಸಲ್ಲ, ನೆನಪಿರಲಿ. ಆನ್‌ಲೈನ್ ಬಟ್ಟೆ ಅಂಗಡಿಗಳಲ್ಲಿ ಒಳ ಉಡುಪು, ಈಜುಡುಗೆಗೆ ವಾಪಸಾತಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ಮೊದಲು ಅದನ್ನು ಹುಡುಕಿ ಓದಿ.

ನಾನು ಈಗ ಹಾಕೋದು ಒಂದೇ ತುಂಡಿನದ್ದಲ್ಲ. ಮೇಲಂಗಿ ಬೇರೆ, ಕೆಳಗಿನದ್ದು ಬೇರೆ, ಹಾಗಾಗಿ ಮುಂಡದ ಉದ್ದದ ತಕರಾರೇ ಇಲ್ಲ. ಎರಡೂ ನೈಲಾನ್ ಲೈಕ್ರಾ, ಕಡುನೀಲಿ. ಕೆಳಗೆ ಮಂಡಿವರೆಗಿನ ಶಾರ್ಟ್ಸ್, ಅದರ ಮೇಲೆ ಗಿಡ್ಡ ಸ್ಕರ್ಟ್. ಒಳಗೆ ಮುಂಭಾಗ ಎರಡು ಪದರ ಇರುವ ಬಿಗಿಯಾದ ನೈಲಾನ್ ಬ್ರೀಫ್. ಸ್ಕರ್ಟ್ ಇರೋದರಿಂದ ಅದು ಉಸಿರುಗಟ್ಟುವಷ್ಟು ಬಿಗಿ ಇರಬೇಕಿಲ್ಲ. ಎದೆಗೆ ಸ್ಪಂಜಿನ ಬದಲು ಸಿಲಿಕೋನ್ ಪ್ಯಾಡು, ಅದು ನೀರು ಹೀರಲ್ಲ. ಅಕ್ಕನ ಕೈಲಿ ಮೇಲಂಗಿಯ ಒಳಗೆ ಜೇಬು ಹೊಲಿಸಿ ಕೂರಿಸಿದ್ದೀನಿ. ಬೆಂಗಳೂರಿನಲ್ಲಿ ಟ್ರಯಲ್ ರೂಮ್ ಇರುವ ದೊಡ್ಡ ಅಂಗಡಿಯಿಂದ ತಂದದ್ದು. ಅಲ್ಲಿ ನಿಮ್ಮನ್ನು ಯಾರೂ ತಿರುಗಿಯೂ ನೋಡಲ್ಲ, ಎಲ್ಲರಿಗೂ ಅವರವರ ಅವಸರ. ಎಲ್ಲ ಸೇರಿ ಆ ಗುಲಾಬಿ ಸೂಟಿಗಿಂತ ಕಡಿಮೆಗೆ ಬಂತು.

ಎಲ್ಲಿಂದ ತಂದರೂ ಚೀಟಿ ಕೀಳುವ ಮುಂಚೆ ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು, ಬಗ್ಗಿ ನೋಡಿ. ಬಟ್ಟೆಯೊಳಗೆ ಫೋನಿನ ಟಾರ್ಚ್ ಹಿಡಿದರೆ ಎಷ್ಟು ತೆಳು ಅಂತ ಅಲ್ಲೇ ಗೊತ್ತಾಗುತ್ತೆ. ಇಟ್ಟುಕೊಳ್ಳೋದು ಅಂತ ತೀರ್ಮಾನ ಆದಮೇಲೆ, ಈಜುಕೊಳಕ್ಕೆ ಹೋಗೋ ಮುಂಚೆ, ಬಚ್ಚಲಲ್ಲಿ ಹಾಕಿಕೊಂಡು ಮೈತುಂಬಾ ನೀರು ಸುರಿದುಕೊಂಡು ಅದೇ ಕಸರತ್ತು ಇನ್ನೊಮ್ಮೆ ಮಾಡಿ. ಈಜಿ ಬಂದಮೇಲೆ ಒದ್ದೆಯಲ್ಲೇ ಕೂರಬೇಡಿ, ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತೆ. ಬಟ್ಟೆಯನ್ನು ಬೇಗ ಒಳ್ಳೆ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಕ್ಲೋರಿನ್ ಲೈಕ್ರಾವನ್ನು ತಿನ್ನುತ್ತೆ.

ಪ್ಲಾಸ್ಟರ್, ಪ್ಯಾಕಿಂಗ್ ಟೇಪ್ ಹಾಕಿ ಟಕ್ ಮಾಡಿಕೊಳ್ಳಿ, ಅಂದರೆ ಮುಂದಿನ ಉಬ್ಬು ಕಾಣದ ಹಾಗೆ ಒಳಗೆ ಮಡಚಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕೀಳುವಾಗ ಚರ್ಮವೇ ಬರುತ್ತೆ. ಆಪರೇಷನ್ ಆದವರು ಗಾಯ ಪೂರಾ ಮಾಗಿ ಡಾಕ್ಟರು ಹೂಂ ಅನ್ನೋ ತನಕ ನೀರಿಗೆ ಇಳಿಯಲೇಬೇಡಿ.

ಟ್ರಾನ್ಸ್ ಹುಡುಗರಿಗೂ ಒಂದು ಮಾತು, ಇದು ಜೀವದ ವಿಷಯ. ಮಧುಗಿರಿ ಕಡೆಯ ನನ್ನ ತಮ್ಮನಂಥ ಗೆಳೆಯ ಮೆಡಿಕಲ್ ಸ್ಟೋರಿನ ಕ್ರೇಪ್ ಬ್ಯಾಂಡೇಜನ್ನೇ ಎದೆ ಚಪ್ಪಟೆ ಕಾಣಲಿ ಅಂತ ಸುತ್ತಿಕೊಂಡು ಮೇಲೆ ಟೀ ಶರ್ಟ್ ಹಾಕಿ ಈಜೋಕೆ ಇಳಿದ. ಕೊಳದ ಮಧ್ಯಕ್ಕೆ ಹೋಗುವಷ್ಟರಲ್ಲಿ ಉಸಿರು ಸಿಗದೆ ಒದ್ದಾಡಿದ, ಕೋಚ್ ಎಳೆದು ತಂದರು. ಬ್ಯಾಂಡೇಜು ಎದೆಗೂಡನ್ನು ಅಗಲಿಸೋಕೆ ಬಿಡಲ್ಲ, ಪಕ್ಕೆಲುಬಿಗೂ ಪೆಟ್ಟು. ಈಜುವಾಗ ಬೇಕಿರೋದು ತುಂಬು ಉಸಿರು. ಎದೆ ಚಪ್ಪಟೆ ಮಾಡೋಕೆ ದಿನಾ ಹಾಕುವ ಬಿಗಿ ಒಳಂಗಿ, ಅಂದರೆ ಬೈಂಡರ್ ಕೂಡ ನೀರಿಗೆ ಬೇಡ. ಈಜೋಕೆಂದೇ ಮಾಡಿದ್ದು ಸಿಕ್ಕರೆ ಒಂದು ಸೈಜ್ ದೊಡ್ಡದು ತಗೊಂಡು ಮೇಲೆ ಕಡುಬಣ್ಣದ ತುಂಬುತೋಳಿನ ಈಜಂಗಿ ಹಾಕಿ. ಅವನು ಈಗ ಬರೀ ಆ ಈಜಂಗಿಯಲ್ಲೇ ಈಜ್ತಾನೆ. ಈಜಂಗಿ ಹಾಕೋದು ಬಿಸಿಲಿಗೆ ಅಂತ ಜನ ಅಂದುಕೊಳ್ತಾರೆ, ಯಾರೂ ಕೇಳಲ್ಲ.

ಇನ್ನು ಆ ಪುಟದ ಲಕ್ಷಣ. ಮಾಡೆಲ್‌ಗಳ ಮುಖ ಕತ್ತರಿಸಿದ ಫೋಟೋಗಳು, ಒಂದರಲ್ಲೂ ಬಟ್ಟೆ ಒದ್ದೆ ಇರಲ್ಲ. ಕಾಮೆಂಟ್ ಹಾಕೋಕೆ ಆಗದ ಹಾಗೆ ಮುಚ್ಚಿರ್ತಾರೆ. ಎಲ್ಲವೂ ‘ಫ್ರೀ ಸೈಜ್ ಪ್ಲಸ್ ಕಸ್ಟಮ್’. ವಿಡಿಯೋ ಕಾಲ್‌ನಲ್ಲಿ ಬಟ್ಟೆ ತೋರಿಸಿ ಅಂದರೆ ತೋರಿಸಲ್ಲ, ನಿಮ್ಮನ್ನೇ ಕ್ಯಾಮೆರಾ ಆನ್ ಮಾಡೋಕೆ ಹೇಳ್ತಾರೆ. ಹೋದ ವಾರ ಹೊಸ ಹೆಸರಿನಲ್ಲಿ ಮತ್ತೆ ಕಾಣಿಸಿತು, ಅದೇ ತಿಳಿ ಗುಲಾಬಿ ಸೂಟು, ಬೆಲೆ 2,999. ಕಂಡರೆ ರಿಪೋರ್ಟ್ ಮಾಡಿ, ನಿಮ್ಮ ಗುಂಪುಗಳಿಗೂ ತಿಳಿಸಿ.