ಓರಿಯೆಂಟೇಶನ್‌ಗೆ ಒಂದು ರಾತ್ರಿ ಹೋಗೋ ಮಕ್ಕಳಿಗೆ ಕೌಲ್ ಬಜಾರಿನ ಜೀನ್ಸ್ ಬ್ಯಾಗು

ಕಾಲೇಜು ಓರಿಯೆಂಟೇಶನ್‌ಗೆ ಅಂತ ಒಂದೇ ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ಉಳಿಯೋದಕ್ಕೆ ದಯವಿಟ್ಟು ಟ್ರಾಲಿ ಸೂಟ್‌ಕೇಸ್ ಕೊಳ್ಳಬೇಡಿ. ಬಳ್ಳಾರಿಯಲ್ಲಿದ್ದರೆ ಕೌಲ್ ಬಜಾರಿಗೆ ಹೋಗಿ ಒಂದು ಜೀನ್ಸ್ ಬ್ಯಾಗು ಹೊಲಿಸಿ. ನನ್ನ ತಂಗಿಗೆ ಹೊಲಿಸಿದ್ದಕ್ಕೆ 650 ರೂಪಾಯಿ ಆಯಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೋದ ಒಂದು ಸ್ಟಾರ್ ಸಣ್ಣ ಕಾರಣಕ್ಕೇನೂ ಹೋಗಿಲ್ಲ, ಮುಂದೆ ಹೇಳುತ್ತೇನೆ.

ತಂಗಿಗೆ ಸಿಇಟಿಯಲ್ಲಿ ರಾಯಚೂರಿನ ಕಡೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಕಾಲೇಜಿನಿಂದ ಮೆಸೇಜು ಬಂತು: ಮೊದಲ ದಿನ ಪೋಷಕರ ಜೊತೆ ಸಭೆ, ಆ ರಾತ್ರಿ ಮಕ್ಕಳು ಹಾಸ್ಟೆಲ್‌ನಲ್ಲೇ ಇರಬೇಕು, ಮರುದಿನ ಮಧ್ಯಾಹ್ನ ಮನೆಗೆ. ಮಂಚ, ಗಾದಿ ಇರುತ್ತದೆ, ಉಳಿದದ್ದು ನೀವೇ ತನ್ನಿ ಅಂತ. ಈ 'ಉಳಿದದ್ದು' ಅನ್ನೋದರಲ್ಲೇ ಎಲ್ಲ ತಲೆನೋವು. ಅಮ್ಮ ಆಗಲೇ ಕಂಬಳಿ ಬಿಸಿಲಿಗೆ ಹಾಕಿದ್ದಳು. ರಾಯಚೂರಿನ ಸೆಕೆಗೆ ಕಂಬಳಿ!

ನಾವು ಹೋಗಬೇಕಾದದ್ದು ಬಸ್ಸಿನಲ್ಲಿ, ಸಿರುಗುಪ್ಪ, ಸಿಂಧನೂರು, ಮಾನ್ವಿ ಮೇಲೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದಮೇಲೆ ಈ ಕಡೆಯ ಸಾರಿಗೆ ಬಸ್ಸುಗಳು ಹೇಗಿರುತ್ತವೆ ಅಂತ ನಿಮಗೇ ಗೊತ್ತು. ಹೆಂಗಸರಿಗೆ ಟಿಕೆಟಿಗೆ ದುಡ್ಡು ಇಲ್ಲ ಅನ್ನೋದು ನಿಜವಾಗಲೂ ದೊಡ್ಡ ಉಪಕಾರ, ಆದರೆ ಚಕ್ರದ ಸೂಟ್‌ಕೇಸ್ ಇಡೋಕೆ ಜಾಗ ಎಲ್ಲಿ? ಮೇಲಿನ ಕಂಬಿ ಮೇಲೆ ಹತ್ತಲ್ಲ, ಸೀಟಿನ ಕೆಳಗೆ ತೂರಲ್ಲ, ನಡುದಾರಿಯಲ್ಲಿ ಇಟ್ಟರೆ ಹತ್ತೋರು ಇಳಿಯೋರು ಎಲ್ಲರ ಕೈಲೂ ಬೈಸಿಕೊಳ್ಳಬೇಕು. ತೊಡೆ ಮೇಲೆ ಇಟ್ಟುಕೊಂಡು ಕೂರುವಂಥ ಬ್ಯಾಗೇ ಬೇಕಿತ್ತು.

ಬಳ್ಳಾರಿ ಜೀನ್ಸ್ ಅಂದರೆ ಊರಾಚೆಗೂ ಹೆಸರಿದೆ, ಅದನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಪ್ಯಾಂಟು ಕತ್ತರಿಸಿ ಉಳಿದ ತಾನಿನ ತುಂಡುಗಳಲ್ಲಿ ಬ್ಯಾಗು ಹೊಲಿದುಕೊಡೋರು ಇದ್ದಾರೆ ಅನ್ನೋದು ಮಾತ್ರ ಊರಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಾನು ಹೋದ ಅಂಗಡಿಗೆ ಬೋರ್ಡೇ ಇಲ್ಲ. ಎರಡು ಮಷಿನ್, ಒಂದು ಕಟಿಂಗ್ ಟೇಬಲ್, ಮೂಲೆಯಲ್ಲಿ ಎದೆಯೆತ್ತರಕ್ಕೆ ನೀಲಿ ತುಂಡುಗಳು. ಹೊಲಿಯೋ ಭಾಯ್‌ಗೆ ವಯಸ್ಸಾಗಿದೆ, ಮಾತು ಕಡಿಮೆ. ನಾನು 22 ಇಂಚು ಉದ್ದ ಬೇಕು ಅಂದೆ.

"ಎಷ್ಟು ದಿನಕ್ಕಮ್ಮಾ?"

"ಒಂದೇ ರಾತ್ರಿ ಭಾಯ್."

"ಒಂದು ರಾತ್ರಿಗೆ ಇಷ್ಟು ದೊಡ್ಡದು ಯಾಕೆ? ಜಾಗ ಇತ್ತಂದ್ರೆ ನೀವು ತುಂಬ್ತೀರಿ."

18 ಇಂಚಿಗೆ ಸೀಮೆಸುಣ್ಣದ ಗೆರೆ ಎಳೆದೇಬಿಟ್ಟರು. ದೊಡ್ಡದು ಹೊಲಿದಿದ್ದರೆ ಅವರಿಗೇ ಜಾಸ್ತಿ ದುಡ್ಡು ಬರುತ್ತಿತ್ತು, ಆದರೂ ಹೀಗೆ ಹೇಳಿದರು ನೋಡಿ, ಅಲ್ಲೇ ಅವರ ಮೇಲೆ ನಂಬಿಕೆ ಬಂತು.

ಹೊಲಿಗೆಯ ಬಗ್ಗೆ ಎರಡು ಮಾತಿಲ್ಲ. ಪ್ಯಾಂಟಿನ ಕಾಲಿಗೆ ಹಾಕುವ ಹಾಗೆ ಎರಡೂ ಅಂಚುಗಳನ್ನು ಒಂದರೊಳಗೊಂದು ಮಡಚಿ, ಮೇಲೆ ಜೋಡಿ ಹೊಲಿಗೆ, ಅದೇ ಕಿತ್ತಳೆ ಬಣ್ಣದ ದಾರ. ಒಳಗೆ ಕೈಯಾಡಿಸಿದರೆ ಒಂದು ಎಳೆಯೂ ಬಿಚ್ಚಿಕೊಂಡಿಲ್ಲ. ಹಿಡಿಕೆಯನ್ನು ಬರೀ ಮೇಲಂಚಿಗೆ ಅಂಟಿಸಿಲ್ಲ, ಬ್ಯಾಗಿನ ತಳದವರೆಗೂ ಸುತ್ತು ಬರುವ ಹಾಗೆ ಪಟ್ಟಿ ಓಡಿಸಿದ್ದಾರೆ. ಭಾರವೆಲ್ಲ ತಳದ ಪಟ್ಟಿ ಮೇಲೆ ಬೀಳುತ್ತದೆ, ಹಿಡಿಕೆ ಬುಡ ಹರಿಯಲ್ಲ. ಜೇಬಿನ ಮೂಲೆಗೆ ಪ್ಯಾಂಟಿನದ್ದೇ ರಿವಿಟ್. ಬಟ್ಟೆ 12 ಔನ್ಸಿನದಂತೆ. ಡೆನಿಮ್ಮಿನ ದಪ್ಪ ಅಳೆಯೋದು ಹೀಗೇ, ಒಂದು ಚದರ ಗಜ ಎಷ್ಟು ಔನ್ಸ್ ತೂಗುತ್ತದೆ ಅಂತ. ಇನ್ನೂ ದಪ್ಪದ್ದು ಹಾಕಿ ಅಂದರೆ ಬರೀ ಬ್ಯಾಗೇ ಭಾರ ಆಗುತ್ತದೆ, ಕೇಳಬೇಡಿ.

ಜಿಪ್ ಮಾತ್ರ ನೀವೇ ನಿಂತು ಆರಿಸಿ. ಅವರ ಹತ್ತಿರ ತೆಳು ಜಿಪ್ಪೂ ಇರುತ್ತದೆ, ದಪ್ಪ ಹಲ್ಲಿನದ್ದೂ ಇರುತ್ತದೆ. ಜಿಪ್ಪಿನ ನಂಬರು ದೊಡ್ಡದಾದಷ್ಟು ಹಲ್ಲು ಅಗಲ. ಪ್ಯಾಂಟಿಗೆ ಹಾಕೋ ಸಣ್ಣದು ಬ್ಯಾಗಿಗೆ ಸಾಲಲ್ಲ, 8 ಅಥವಾ 10 ಕೇಳಿ. ಎರಡು ರನ್ನರ್ ಇದ್ದರೆ ಎರಡನ್ನೂ ಸೇರಿಸಿ ಒಂದು ಪುಟ್ಟ ಬೀಗ ಹಾಕಬಹುದು. ಗುರುತು ಪರಿಚಯ ಇಲ್ಲದ ಹತ್ತು ಹುಡುಗಿಯರ ನಡುವೆ ಮಲಗೋ ರಾತ್ರಿ ಆ ಬೀಗ ಬೇಕಾಗುತ್ತದೆ.

ಈಗ ಹೋದ ಸ್ಟಾರ್ ಸಮಾಚಾರ. ಬ್ಯಾಗು ಬಣ್ಣ ಬಿಡುತ್ತದೆ. ತಂಗಿ ಹೆಗಲಿಗೆ ಹಾಕಿಕೊಂಡು ಬಸ್ ಇಳಿದು ಕಾಲೇಜು ಗೇಟಿಗೆ ನಡೆಯೋ ಹೊತ್ತಿಗೆ ತಿಳಿ ಹಳದಿ ಕುರ್ತಾದ ಸೊಂಟದ ಹತ್ತಿರ ಅಂಗೈ ಅಗಲ ನೀಲಿ. ಹೊಸ ಕಾಲೇಜು, ಮೊದಲ ದಿನ, ಹೊಸ ಕುರ್ತಾ. ಅವಳ ಮುಖ ನೋಡಬೇಕಿತ್ತು. ಭಾಯ್ ಇದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಇಂಡಿಗೋ ಬಣ್ಣ ನೂಲಿನ ಒಳತಿರುಳಿಗೆ ಪೂರ್ತಿ ಇಳಿಯಲ್ಲ, ಜಾಸ್ತಿ ಮೇಲ್ಮೈ ಮೇಲೇ ಕೂತಿರುತ್ತದೆ, ಅದಕ್ಕೆ ಉಜ್ಜಿದರೆ ಬರುತ್ತದೆ, ಬೆವರು ಸೇರಿದರೆ ಇನ್ನೂ ಜಾಸ್ತಿ. ಒಳಗಿಟ್ಟ ಬಟ್ಟೆಗೆ ಮಾತ್ರ ಏನೂ ಆಗಿರಲಿಲ್ಲ. ಡೆನಿಮ್ಮಿನಲ್ಲಿ ನೀಲಿ ಹಾಕೋದು ಉದ್ದಕ್ಕೆ ಓಡುವ ಹಾಸಿನ ನೂಲಿಗೆ ಮಾತ್ರ, ಅಡ್ಡಕ್ಕೆ ನೇಯುವ ಹೊಕ್ಕಿನ ನೂಲು ಬಿಳಿ, ಅದಕ್ಕೇ ಒಳಮೈ ಬೆಳ್ಳಗಿರುತ್ತದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು, ಇಂಡಿಗೋಗೆ ಅದರಿಂದ ಏನೂ ಆಗಲ್ಲ. ಬ್ಯಾಗು ಬಂದ ಕೂಡಲೇ ತಣ್ಣೀರಲ್ಲಿ ಬೇರೆಯಾಗಿ ಎರಡು ಮೂರು ಸಲ ಒಗೆಯಿರಿ, ಸಡಿಲ ಬಣ್ಣ ಹೋಗಿಬಿಡಲಿ. ಇನ್ನೂ ಒಳ್ಳೆಯದು ಅಂದರೆ ವಾಶ್ ಆದ ಬಟ್ಟೆಯಲ್ಲೇ ಹೊಲಿಯಿರಿ ಅನ್ನೋದು. ಬಳ್ಳಾರಿಯಲ್ಲಿ ವಾಷಿಂಗ್ ಯೂನಿಟ್‌ಗಳಿಗೇನು ಬರ, ಕೇಳಿದರೆ ಸಿಗುತ್ತದೆ.

ಮಳೆಗೂ ಇದು ಆಗಲ್ಲ. ನೆನೆದರೆ ಭಾರ, ಒಣಗೋದು ತಡ. ಮಳೆಗಾಲದಲ್ಲೇ ಕಾಲೇಜು ಶುರುವಾಗೋದು, ಹಾಗಾಗಿ ಪೇಪರ್‌ಗಳಿಗೆ ಪ್ಲಾಸ್ಟಿಕ್ ಕವರ್ ಬೇಕೇ ಬೇಕು.

ಪೇಪರ್ ಅಂದಮೇಲೆ ನೆನಪಾಯಿತು. ಬ್ಯಾಗು ಹೊಲಿಸುವಾಗ ಎ4 ಫೈಲು ಜೊತೆಗೇ ತೆಗೆದುಕೊಂಡು ಹೋಗಿ, ಅದರ ಅಳತೆಗೇ ಒಳಜೇಬು ಇಡಿಸಿ. ನಾವು ಇಡಿಸಿದ್ದಕ್ಕೆ ಮಾರ್ಕ್ಸ್ ಕಾರ್ಡು ಮಡಿಕೆಯಾಗದೆ ಹೋಗಿ ಬಂತು. ಅಡ್ಮಿಷನ್ ಆರ್ಡರ್, ಫೀ ರಸೀದಿ, ಎಸ್ಸೆಸ್ಸೆಲ್ಸಿ ಮತ್ತು ಪಿಯು ಮಾರ್ಕ್ಸ್ ಕಾರ್ಡು, ಕಲ್ಯಾಣ ಕರ್ನಾಟಕ ಮೀಸಲಾತಿಯ 371ಜೆ ಸರ್ಟಿಫಿಕೇಟು, ಜಾತಿ ಆದಾಯ ಪತ್ರ, ಎಲ್ಲದರ ಜೆರಾಕ್ಸ್ ಒಂದೊಂದು ಸೆಟ್, ಫೋಟೋ ಒಂದಿಷ್ಟು. ರ‍್ಯಾಗಿಂಗ್ ಮಾಡಲ್ಲ ಅನ್ನೋ ಮುಚ್ಚಳಿಕೆಯನ್ನು ಯುಜಿಸಿಯ 2009ರ ನಿಯಮದ ಪ್ರಕಾರ ವಿದ್ಯಾರ್ಥಿಯೂ ಕೊಡಬೇಕು, ಪೋಷಕರೂ ಕೊಡಬೇಕು. ಅಲ್ಲಿ ಹೋಗಿ ಜೆರಾಕ್ಸ್ ಅಂಗಡಿ ಮುಂದೆ ಕ್ಯೂ ನಿಲ್ಲೋ ಬದಲು ಮನೆಯಿಂದಲೇ ಪ್ರಿಂಟ್ ಒಯ್ಯಿರಿ. ಹಾಗೇ ರ‍್ಯಾಗಿಂಗ್ ಸಹಾಯವಾಣಿ 1800-180-5522 ಅನ್ನು ಮಕ್ಕಳ ಫೋನಿನಲ್ಲಿ ಹಾಕಿಕೊಡಿ. ಹೊರಗಿನ ಸಣ್ಣ ಜೇಬು ಆಧಾರ್ ಕಾರ್ಡಿಗೆ. ಕಂಡಕ್ಟರ್ ಬಂದಾಗ ಇಡೀ ಬ್ಯಾಗು ತಡಕಾಡೋ ಹಾಗಿರಬಾರದು.

18 ಇಂಚಿನಲ್ಲಿ ಏನೇನು ಹಿಡಿಸಿತು ಅಂತ ಕೇಳುತ್ತೀರಿ. ಒಂದು ಸಿಂಗಲ್ ಬೆಡ್‌ಶೀಟು, ಹೊದೆಯೋಕೆ ಅಮ್ಮನ ಹಳೇ ಕಾಟನ್ ಸೀರೆ. ಕಂಬಳಿ ಮನೆಯಲ್ಲೇ ಉಳಿಯಿತು, ಅದಕ್ಕೆ ನಡೆದ ಜಗಳ ಬೇರೆ ಕಥೆ. ದಿಂಬು ಒಯ್ಯಲಿಲ್ಲ, ಬರೀ ಕವರ್ ಒಯ್ದು ಅದರೊಳಗೆ ಮರುದಿನದ ಬಟ್ಟೆ ತುಂಬಿದರೆ ಅದೇ ದಿಂಬು. ಟರ್ಕಿ ಟವೆಲ್ ಬದಲು ತೆಳುವಾದ ಟವೆಲ್, ಬೆಳಿಗ್ಗೆ ಸ್ನಾನ ಮಾಡಿ ಮಧ್ಯಾಹ್ನಕ್ಕೆ ಪ್ಯಾಕ್ ಮಾಡೋ ಹೊತ್ತಿಗೆ ಒಣಗಿರುತ್ತದೆ. ರಬ್ಬರ್ ಚಪ್ಪಲಿ, ಪ್ಯಾಡು, ಜ್ವರದ ಮಾತ್ರೆ, ಸೋಪಿನ ಡಬ್ಬಿ, ಬಾಟಲಿ. ಸೊಳ್ಳೆಗೆ ಹಚ್ಚಿಕೊಳ್ಳೋ ಕ್ರೀಮು. ಕಾಯಿಲ್ ಬೇಡ, ಪಕ್ಕದ ಮಂಚದವರಿಗೆ ಹೊಗೆ ಆಗದಿದ್ದರೆ? ಇಷ್ಟರಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಮಲ್ಟಿಪ್ಲಗ್. ರೂಮಿಗೆ ಇದ್ದದ್ದು ಒಂದೇ ಪ್ಲಗ್ ಪಾಯಿಂಟು, ಫೋನುಗಳೋ ಮಂಚಕ್ಕೊಂದು. ಅವಳ ಮಲ್ಟಿಪ್ಲಗ್ಗಿನ ಸುತ್ತಲೇ ಆ ರಾತ್ರಿಯ ಗೆಳೆತನ ಎಲ್ಲ ಕುದುರಿತಂತೆ.

ತಿಂಡಿಗೆ ಅಮ್ಮ ಹೇಳಿದ ಪಟ್ಟಿಗೆ ಬೇರೆ ಬ್ಯಾಗೇ ಬೇಕಿತ್ತು. ಒಂದೇ ಡಬ್ಬಿ ಅಂತ ಒಪ್ಪಿಸಿದೆ: ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಪುಡಿ. ಕೆಡಲ್ಲ, ಸೋರಲ್ಲ, ಹಾಸ್ಟೆಲ್ ಅನ್ನ ಸಾರು ಹಿಡಿಸದಿದ್ದರೆ ರಾತ್ರಿಗೆ ಆಗುತ್ತದೆ. ಉಪ್ಪಿನಕಾಯಿ ಮಾತ್ರ ಬೇಡ, ಎಷ್ಟೇ ಗಟ್ಟಿ ಮುಚ್ಚಿದರೂ ಎಣ್ಣೆ ಹೊರಗೆ ಬರುತ್ತದೆ. ಜೀನ್ಸಿಗೆ ಎಣ್ಣೆ ಕಲೆ ಆದರೆ ಸುಲಭಕ್ಕೆ ಹೋಗಲ್ಲ.

ಬೆಂಗಳೂರು ರೋಡಿನ ಅಂಗಡಿಗಳಲ್ಲಿ ನೈಲಾನ್ ಡಫಲ್ ಬ್ಯಾಗೂ ನೋಡಿದೆ. ಮಳೆಗೆ ಅವೇ ವಾಸಿ, ಹಗುರ, ಬಣ್ಣ ಬಿಡಲ್ಲ. ಆದರೆ ಆ ಬೆಲೆಗೆ ಸಿಕ್ಕವುಗಳ ಹಿಡಿಕೆ ಹಿಡಿದು ಜಗ್ಗಿದರೆ ಅಲ್ಲೇ ಹೊಲಿಗೆ ಬಾಯಿ ಬಿಡುತ್ತಿತ್ತು. ಚೆನ್ನಾಗಿದ್ದವಕ್ಕೆ ಎರಡರಷ್ಟು ರೇಟು. ಪೂರ್ತಿ ಸಾಮಾನು ಕಟ್ಟಿಕೊಂಡು ವರ್ಷಕ್ಕೆ ಹಾಸ್ಟೆಲ್ ಸೇರುವಾಗ ಟ್ರಂಕೋ ಸೂಟ್‌ಕೇಸೋ ಹೇಗೂ ಕೊಳ್ಳಲೇಬೇಕು, ಆ ಖರ್ಚನ್ನು ಈಗಲೇ ಯಾಕೆ ಮಾಡೋದು? ರೂಮು, ಕಪಾಟು ಎಷ್ಟಿದೆ ಅಂತ ಒಂದು ರಾತ್ರಿ ಇದ್ದು ನೋಡಿ ಬಂದಮೇಲೆ ಅಳತೆಯಾದರೂ ಗೊತ್ತಿರುತ್ತದೆ.

ಹೊಲಿಸೋದಾದರೆ ಒಂದು ವಾರ ಮೊದಲೇ ಕೊಡಿ, ಪ್ಯಾಂಟಿನ ಆರ್ಡರ್ ಇದ್ದಾಗ ಬ್ಯಾಗು ಹಿಂದೆ ಬೀಳುತ್ತದೆ. ಫೋನ್‌ಪೇ ನಡೆಯುತ್ತದೆ. ಒಳಗೆ ಲೈನಿಂಗ್ ಬೇಕು ಅಂದರೆ 80 ರೂಪಾಯಿ ಜಾಸ್ತಿ, ಹಾಕಿಸಿಕೊಳ್ಳಿ. ಬಣ್ಣದ ವಿಷಯ ನಾನು ಹೋಗಿ ಹೇಳಿದೆ. ಭಾಯ್ ತಲೆ ತುರಿಸಿಕೊಂಡು, ಇನ್ನು ಮೇಲೆ ಹೆಗಲ ಪಟ್ಟಿಗೂ ಮೈಗೆ ತಾಗೋ ಕಡೆಗೂ ವಾಶ್ ಆದ ತುಂಡೇ ಹಾಕುತ್ತೇನೆ ಅಂದಿದ್ದಾರೆ. ನೀವು ಹೋದಾಗ ಆ ಮಾತು ನೆನಪಿಸಿ.