ಇಟಲಿ ಬೈಕಾ, ಜಪಾನ್ ಬೈಕಾ?

ಯಾವುದು ತಗೊಳ್ಳೋದು ಎಂದು ತಲೆ ಕೆಡಿಸಿಕೊಂಡಿದ್ದರೆ, ಮೊದಲು ಎರಡನ್ನೂ ತಿರುವುಗಳಲ್ಲಿ ಓಡಿಸಿ ನೋಡಿ. ಇಟಲಿಯ ಡುಕಾಟಿ, ಅಪ್ರಿಲಿಯಾ ಸ್ಪೋರ್ಟ್ಸ್ ಬೈಕುಗಳ ಸಸ್ಪೆನ್ಶನ್ ಸಾಮಾನ್ಯವಾಗಿ ಬಿಗಿ. ವಾಲಿಸಿದಾಗ ಮುಂದಿನ ಚಕ್ರ ಏನು ಮಾಡುತ್ತಿದೆ ಅಂತ ಕೈಗೇ ಗೊತ್ತಾಗುತ್ತದೆ. ಟ್ರಾಫಿಕ್‌ನಲ್ಲಿ ಮಾತ್ರ ಅದೇ ಬೈಕು ಮಣಿಕಟ್ಟು ನೋಯಿಸುತ್ತದೆ, ತೊಡೆ ಸುಡುತ್ತದೆ. ಹೋಂಡಾ, ಯಮಹಾಗಳು ಅಲ್ಲಿ ಸಾಧು. ಜಪಾನ್ ಬೈಕು ನೇರ ರಸ್ತೆಗಷ್ಟೇ ಲಾಯಕ್ಕು ಅನ್ನೋದು ಹಳೇ ಮಾತು. ಒಳ್ಳೆ ಟೈರ್ ಹಾಕಿ, ಸಸ್ಪೆನ್ಶನ್ ನಿಮ್ಮ ತೂಕಕ್ಕೆ ಹೊಂದಿಸಿದರೆ ಅಂತರ ತುಂಬಾ ಕಡಿಮೆಯಾಗುತ್ತದೆ.

ನಿಜವಾದ ಅಂತರ ಇರೋದು ಸರ್ವಿಸ್ ಬಿಲ್ಲಿನಲ್ಲಿ. ಡುಕಾಟಿಯ ಡೆಸ್ಮೋ ಎಂಜಿನ್‌ನಲ್ಲಿ ವಾಲ್ವನ್ನು (ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಕಳಿಸುವ ಬಾಗಿಲು) ಮುಚ್ಚುವುದು ಸ್ಪ್ರಿಂಗ್ ಅಲ್ಲ, ಇನ್ನೊಂದು ರಾಕರ್, ಅಂದರೆ ವಾಲ್ವನ್ನು ಆಡಿಸುವ ಸಣ್ಣ ತೋಳು. ಹಾಗಾಗಿ ಪ್ರತಿ ವಾಲ್ವಿಗೂ ಎರಡು ಗ್ಯಾಪ್ ಅಳೆಯಬೇಕು. ಕೆಲಸ ಜಾಸ್ತಿ, ಕೂಲಿಯೂ ಜಾಸ್ತಿ. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಬೆಲ್ಟ್ ಇರುವ ಮಾಡೆಲ್ ಆದರೆ, ಬೈಕು ಸುಮ್ನೆ ನಿಂತಿದ್ದರೂ ಕೆಲವು ವರ್ಷಕ್ಕೊಮ್ಮೆ ಬೆಲ್ಟ್ ಬದಲಿಸಲೇಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಆ ರಸೀದಿ ಕೇಳದೆ ದುಡ್ಡು ಕೊಡಬೇಡಿ. ಜಪಾನ್ ಬೈಕುಗಳಲ್ಲಿ ಸಾಮಾನ್ಯವಾಗಿ ಈ ಬೆಲ್ಟ್ ಬದಲು ಎಂಜಿನ್ ಒಳಗೇ ಟೈಮಿಂಗ್ ಚೈನ್ ಇರುತ್ತದೆ, ಈ ತಲೆನೋವಿಲ್ಲ.

ಇಟಲಿಯದ್ದೆಲ್ಲ ದುಬಾರಿ ಅಂತಲೂ ಅಲ್ಲ. ಡುಕಾಟಿಯೇ ಮಲ್ಟಿಸ್ಟ್ರಾಡಾ ವಿ4ನಲ್ಲಿ ಡೆಸ್ಮೋ ಬಿಟ್ಟು ಸ್ಪ್ರಿಂಗ್ ಹಾಕಿತು, ವಾಲ್ವ್ ತಪಾಸಣೆ 60,000 ಕಿ.ಮೀ.ಗೆ ಹೋಯಿತು. ಮೋಟೋ ಗುಝಿಯ ಸಿಲಿಂಡರ್‌ಗಳು ಎರಡೂ ಬದಿಗೆ ಚಾಚಿಕೊಂಡಿವೆ, ವಾಲ್ವ್ ಹೊಂದಿಕೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹಿಂದಿನ ಚಕ್ರವನ್ನು ಚೈನ್ ಬದಲು ದಂಡವೊಂದು ತಿರುಗಿಸುವ ಶಾಫ್ಟ್ ಡ್ರೈವ್ ಇರೋದರಿಂದ ಆ ಚೈನ್ ಖರ್ಚೂ ಇಲ್ಲ.

ದಿನಾ ಓಡಿಸುವವರಿಗೆ ನನ್ನ ಓಟು ಜಪಾನಿಗೇ. ವಾರಕ್ಕೊಮ್ಮೆ ಮಜಾಕ್ಕೆ ಅಂದ್ರೆ, ಹತ್ತಿರದಲ್ಲಿ ಕೆಲಸ ಬಲ್ಲ ಮೆಕ್ಯಾನಿಕ್ ಇದ್ದರೆ, ಇಟಲಿ.